ಊರನೊಸನೂ ವರುಣನೂ: ಗ್ರೀಕರ ದೇವವಂಶಕಥೆಯ ಮೂಲವಿಚಾರ

ಗ್ರೀಕರ ಆಕಾಶದೇವತೆಯಾದ ಊರನೊಸನೂ ವೇದಗಳ ವರುಣನೂ ಮೂಲತಃ ಒಬ್ಬನೇ ಎಂಬ ಮಾತು ಪಾಠಪುಸ್ತಕಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಬಹುಕಾಲದಿಂದ ನಡೆದುಬಂದಿದೆ. ಹೆಸರುಗಳೆರಡೂ ಕಿವಿಗೆ ಸಮೀಪವಾಗಿವೆ. ಒಬ್ಬನು ಆಕಾಶವೇ ಆಗಿರುವನು. ಇನ್ನೊಬ್ಬನು ಆಕಾಶದಲ್ಲಿದ್ದು ಲೋಕವನ್ನೆಲ್ಲ ನೋಡುವನು. ಇಬ್ಬರ ಪ್ರಾಧಾನ್ಯವೂ ಕಾಲಕ್ರಮದಲ್ಲಿ ವಜ್ರಾಯುಧವನ್ನು ಹಿಡಿದ ಮತ್ತೊಬ್ಬ ದೇವನಿಗೆ ಸಂದಿತು. ಇಷ್ಟು ಸಾಮ್ಯವು ಕಂಡುಬಂದಮೇಲೆ ಸಂಸ್ಕೃತವನ್ನು ಓದಿದವರಿಗೆ ಈ ಸಮೀಕರಣವು ಪ್ರಿಯವಾದುದು ಸಹಜವೇ. ಆದರೆ ಅದು ಪ್ರಮಾಣಸಿದ್ಧವೇ ಎಂಬುದು ಬೇರೆಯ ಪ್ರಶ್ನೆ. ಅದನ್ನು ವಿಚಾರಮಾಡಹೊರಟರೆ ಗ್ರೀಕರ ದೇವಕಥೆಗಳು ಎಲ್ಲಿಂದ ಬಂದುವೆಂಬ ಇನ್ನೂ ದೊಡ್ಡ ವಿಷಯವು ಎದುರಾಗುವುದು.

ಈ ಸಮೀಕರಣದ ಹುಟ್ಟು 19ನೆಯ ಶತಮಾನದ್ದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳು ಒಂದೇ ಮೂಲದಿಂದ ಹುಟ್ಟಿದುವೆಂಬುದು ಸ್ಥಿರಪಟ್ಟ ಕಾಲದಲ್ಲಿ, ಭಾಷೆಗಳಂತೆಯೇ ದೇವತೆಗಳೂ ಕಥೆಗಳೂ ಒಂದೇ ಮೂಲದಿಂದ ಬಂದಿರಬೇಕೆಂದು ಪಂಡಿತರು ಎಣಿಸಿದರು. 1856ರಲ್ಲಿ ಮ್ಯಾಕ್ಸ್ ಮುಲ್ಲರನು ತುಲನಾತ್ಮಕ ಪುರಾಣವಿಚಾರವನ್ನು ಕುರಿತು ಪ್ರಕಟಿಸಿದ ಪ್ರಬಂಧವು ಈ ಮಾರ್ಗಕ್ಕೆ ಬಹಳ ಪ್ರಚಾರವನ್ನು ತಂದಿತು. ಅಡಾಲ್ಬರ್ಟ್ ಕೂನನು ಸರಣ್ಯುವನ್ನು ಎರಿನಿಸಳೊಡನೆಯೂ, ಗಂಧರ್ವರನ್ನು ಅಶ್ವದೇಹಿಗಳಾದ ಕೆಂಟೌರರೊಡನೆಯೂ, ಅಗ್ನಿಯನ್ನು ಕಡೆಯುವ ಪ್ರಮಂಥವನ್ನು ಬೆಂಕಿಯನ್ನು ಕದ್ದುತಂದ ಪ್ರೊಮೆಥಿಯುಸನೊಡನೆಯೂ ಸೇರಿಸಿದನು. ಧ್ವನಿನಿಯಮಗಳು ಸೂಕ್ಷ್ಮವಾದ ಹಾಗೆಲ್ಲ ಇವು ಒಂದೊಂದಾಗಿ ಸಡಿಲವಾದುವು. ವರುಣನ ಸಮೀಕರಣಕ್ಕೂ ಅದೇ ಗತಿಯಾಯಿತಾದರೂ ಅದರ ಸುದ್ದಿಯು ಪಾಠಶಾಲೆಗಳವರೆಗೆ ತಲುಪಿದುದು ಕಡಮೆ.

ಮೊದಲು ಗ್ರೀಕರ ಕಥೆಯನ್ನೇ ನೋಡತಕ್ಕದ್ದು. ಅದರ ಮುಖ್ಯ ಆಕರವು ಹೆಸಿಯೊಡನೆಂಬ ಕವಿಯ ‘ಥಿಯೊಗೊನಿ’, ಎಂದರೆ ದೇವೋತ್ಪತ್ತಿ. ಈ ಕವಿಯು ಕ್ರಿ. ಪೂ. 700ರ ಸುಮಾರಿನವನು, ಬಿಯೋಷಿಯ ಪ್ರಾಂತದಲ್ಲಿ ಹೆಲಿಕಾನ್ ಪರ್ವತದ ಬಳಿಯ ಆಸ್ಕ್ರ ಎಂಬ ಗ್ರಾಮದಲ್ಲಿದ್ದವನು. ಸುಮಾರು ಸಾವಿರ ಪಂಕ್ತಿಗಳ ಈ ಕಾವ್ಯದಲ್ಲಿ ಮೊದಲು ಖಾವೊಸ್ ಎಂಬ ಶೂನ್ಯವೂ, ಅನಂತರ ಗೈಯ ಎಂಬ ಭೂಮಿಯೂ ಉಂಟಾದುವೆಂದಿದೆ. ಭೂಮಿಯು ತನಗೆ ಸಮನಾದ ಊರನೊಸನನ್ನು ಹೆತ್ತು, ಅವನನ್ನು ಕೂಡಿ ಹನ್ನೆರಡು ಮಂದಿ ಟೈಟನ್ನರನ್ನೂ, ಒಂಟಿಗಣ್ಣಿನ ಮೂವರನ್ನೂ, ನೂರು ಕೈಗಳ ಮೂವರನ್ನೂ ಪಡೆದಳು. ಊರನೊಸನು ತನ್ನ ಮಕ್ಕಳನ್ನು ಹೇಸಿ, ಅವರನ್ನು ಬೆಳಕಿಗೆ ಬರಗೊಡದೆ ತಾಯಿಯ ಒಡಲಿನಲ್ಲಿಯೇ ಅಡಗಿಸಿಟ್ಟನು. ಆ ಭಾರದಿಂದ ನರಳಿದ ಗೈಯಳು ವಜ್ರದಂತೆ ಕಠಿನವಾದ ಲೋಹದಿಂದ ಒಂದು ಕುಡುಗೋಲನ್ನು ಮಾಡಿ ಮಕ್ಕಳನ್ನು ಕರೆದಳು. ಕಿರಿಯವನಾದ ಕ್ರೊನೊಸನೊಬ್ಬನೇ ಒಪ್ಪಿದವನು. ರಾತ್ರಿಯಲ್ಲಿ ಆಕಾಶವು ಭೂಮಿಯನ್ನು ಆವರಿಸಲು ಬಂದಾಗ ಹೊಂಚಿನಲ್ಲಿದ್ದ ಮಗನು ತಂದೆಯ ಪುರುಷಾಂಗವನ್ನು ಕೊಯ್ದು ಹಿಂದಕ್ಕೆ ಎಸೆದನು. ಚೆಲ್ಲಿದ ರಕ್ತದಿಂದ ಎರಿನಿಸರೂ ದೈತ್ಯರೂ ಹುಟ್ಟಿದರು. ಸಮುದ್ರಕ್ಕೆ ಬಿದ್ದ ಅಂಗದ ಸುತ್ತ ಎದ್ದ ನೊರೆಯಿಂದ ಅಫ್ರೊಡೀಟಿಯು ಹುಟ್ಟಿ, ಕಿಥೆರ ದ್ವೀಪದ ಬಳಿ ಹಾಯ್ದು, ಸೈಪ್ರಸ್ಸಿನಲ್ಲಿ ದಡವನ್ನೇರಿದಳು.

ಕ್ರೊನೊಸನು ರಾಜನಾದನು. ತಾನೂ ಮಗನಿಂದಲೇ ಪದಚ್ಯುತನಾಗುವೆನೆಂದು ತಂದೆತಾಯಿಗಳಿಂದ ತಿಳಿದ ಅವನು, ರೇಯಳು ಹೆತ್ತ ಮಕ್ಕಳನ್ನು ಹುಟ್ಟಿದಂತೆಯೇ ನುಂಗುತ್ತಬಂದನು. ಹೆಸ್ಟಿಯ, ಡಿಮೀಟರ್, ಹೀರ, ಹೇಡಿಸ್, ಪೊಸೈಡನ್ ಎಂಬ ಐವರು ಹೀಗೆ ತಂದೆಯ ಹೊಟ್ಟೆಯನ್ನು ಸೇರಿದರು. ಆರನೆಯವನಾದ ಜ್ಯೂಸನನ್ನು ತಾಯಿಯು ಕ್ರೀಟ್ ದ್ವೀಪದಲ್ಲಿ ಅಡಗಿಸಿ, ಎಳೆಗೂಸಿನಂತೆ ಬಟ್ಟೆಯಲ್ಲಿ ಸುತ್ತಿದ ಕಲ್ಲೊಂದನ್ನು ಗಂಡನಿಗೆ ಕೊಟ್ಟಳು. ಅವನು ಅದನ್ನೂ ನುಂಗಿದನು. ದೇವಕಿಯ ಮಕ್ಕಳ ಕಥೆಯು ಇಲ್ಲಿ ನೆನಪಿಗೆ ಬರುವುದಾದರೂ ಕಂಸನು ತಂದೆಯಲ್ಲ, ನುಂಗುವವನೂ ಅಲ್ಲ. ಅದನ್ನು ಇಲ್ಲಿಗೇ ಬಿಡುವುದು ಲೇಸು. ಕಾಲಾಂತರದಲ್ಲಿ ಕ್ರೊನೊಸನು ನುಂಗಿದವರನ್ನೆಲ್ಲ ಕಾರಬೇಕಾಯಿತು. ಕೊನೆಗೆ ನುಂಗಿದ ಕಲ್ಲು ಮೊದಲು ಹೊರಗೆ ಬಂದಿತು. ಜ್ಯೂಸನು ಅದನ್ನು ಪರ್ನಾಸಸ್ ಪರ್ವತದ ಕೆಳಗೆ, ಡೆಲ್ಫಿ ಕ್ಷೇತ್ರದಲ್ಲಿ, ಮರ್ತ್ಯರಿಗೆ ವಿಸ್ಮಯವಾಗುವಂತೆ ನೆಟ್ಟನು. ಆಮೇಲೆ ಟೈಟನ್ನರೊಡನೆ ಹತ್ತು ವರ್ಷಗಳ ಯುದ್ಧ, ಟೈಫೊಯಿಯುಸ್ ಎಂಬ ಸರ್ಪಶಿರಗಳ ಭೂತದೊಡನೆ ಕೊನೆಯ ಹೋರಾಟ, ಜ್ಯೂಸನ ಪಟ್ಟಾಭಿಷೇಕ.

ಈಗ ಹೆಸರುಗಳ ವಿಚಾರ. ಜ್ಯೂಸನ ಹೆಸರು ವೇದದ ದ್ಯೌಃ ಶಬ್ದವೇ ಎಂಬುದರಲ್ಲಿ ಸಂದೇಹವಿಲ್ಲ. ಲ್ಯಾಟಿನ್ನಿನ ಯೂಪಿಟರ್ ಎಂಬುದು ದ್ಯೌಷ್ಪಿತೃವೇ. 1952ರಲ್ಲಿ ಮೈಕೇಲ್ ವೆಂಟ್ರಿಸನು ಗ್ರೀಸಿನ ಅತಿಪ್ರಾಚೀನವಾದ ‘ಲೀನಿಯರ್ ಬಿ’ ಲಿಪಿಯನ್ನು ಓದಿದಮೇಲೆ ಇದಕ್ಕೆ ಮತ್ತೊಂದು ಆಧಾರವು ದೊರೆಯಿತು. ಪೈಲೊಸ್ ಎಂಬಲ್ಲಿಯ ಅರಮನೆಯ ಮಣ್ಣಿನ ಫಲಕವೊಂದರಲ್ಲಿ ದೇವತೆಗಳಿಗೆ ಒಪ್ಪಿಸಿದ ಕಾಣಿಕೆಗಳ ಲೆಕ್ಕವಿದೆ. ಅಲ್ಲಿ ಜ್ಯೂಸನಿಗೆ ಎಂಬರ್ಥದ ಚತುರ್ಥೀರೂಪವು ‘ದಿ-ವೆ’ ಎಂದು ಬರೆಯಲ್ಪಟ್ಟಿದೆ. ಸಂಸ್ಕೃತದ ‘ದಿವೇ’ ಎಂಬುದನ್ನು ಬಲ್ಲವರಿಗೆ ವ್ಯಾಖ್ಯಾನವು ಬೇಕಿಲ್ಲ. ಹಾಗೆಯೇ ಗ್ರೀಕರ ಎಯೊಸ್ ಎಂಬ ಪ್ರಭಾತದೇವಿಯು ನಮ್ಮ ಉಷಸ್ಸಿನ ಸೋದರಿ.

ಊರನೊಸ್ ಶಬ್ದದ ಸ್ಥಿತಿಯು ಹೀಗಲ್ಲ. ವರುಣಶಬ್ದವನ್ನು ಯಾಸ್ಕನು ಆವರಣಾರ್ಥಕವಾದ ವೃಧಾತುವಿನಿಂದ ಸಾಧಿಸುವನು; ಭೂಮಿಯನ್ನು ಆವರಿಸುವವನು ಆಕಾಶವೆಂದು ಗ್ರೀಕ್ ಶಬ್ದಕ್ಕೂ ಅದೇ ಅರ್ಥವನ್ನು ಹೇಳುತ್ತಿದ್ದರು. ಆದರೆ ಸಂಸ್ಕೃತದ ‘ಉಣ’ ಎಂಬ ಭಾಗಕ್ಕೂ ಗ್ರೀಕಿನ ‘ಅನೊ’ ಎಂಬ ಭಾಗಕ್ಕೂ ನಿಯಮಪ್ರಕಾರವಾದ ಸಂವಾದವಿಲ್ಲ. ಅದಲ್ಲದೆ ಗ್ರೀಕಿನ ಉಪಭಾಷೆಗಳಲ್ಲಿ ಇದೇ ಶಬ್ದದ ಮೊದಲಕ್ಷರವು ಬೇರೆ ಬೇರೆಯಾಗಿ ಕಾಣುವುದು. ಡೋರಿಯನ್ನರಲ್ಲಿ ಅದು ‘ಓರನೊಸ್’. ಇಂತಹ ಭೇದವು ರೇಫದ ಪಕ್ಕದಲ್ಲಿ ಒಂದು ವ್ಯಂಜನವು ಲೋಪವಾಗಿರುವುದರ ಗುರುತು. ಆ ವ್ಯಂಜನವು ಸಕಾರವೆಂದೂ, ಶಬ್ದದ ಪೂರ್ವರೂಪವು ‘ವೊರ್ಸನೊಸ್’ ಎಂದೂ ಹೆಚ್ಚಿನ ಭಾಷಾಶಾಸ್ತ್ರಜ್ಞರ ಮತ. ಹಾಗಾದರೆ ಅದರ ಸಂಸ್ಕೃತ ಬಂಧುವು ವರುಣನಲ್ಲ, ವೃಷ್‌ಧಾತುವೂ ವರ್ಷಶಬ್ದವೂ, ಊರನೊಸನೆಂದರೆ ಮಳೆಗರೆಯುವವನು. ನಂಟು ತಪ್ಪಲಿಲ್ಲ, ನಂಟನು ಬೇರೆಯವನಾದನು.

ಹೆಸರು ಹೋದರೂ ಕಥೆಯ ಸಾಮ್ಯವು ಉಳಿಯುವುದಲ್ಲವೇ ಎಂದು ಪೂರ್ವಪಕ್ಷಿಯು ಕೇಳಬಹುದು. ಋಗ್ವೇದದ ಹತ್ತನೆಯ ಮಂಡಲದ 124ನೆಯ ಸೂಕ್ತದಲ್ಲಿ ಅಗ್ನಿಯು ಅಸುರನಾದ ತಂದೆಯನ್ನು ಬಿಟ್ಟು ಇಂದ್ರನ ಪಕ್ಷಕ್ಕೆ ಬರುವನು, ರಾಜ್ಯವು ಕೈಬದಲಾಗುವುದು, ವರುಣನ ಹೆಸರೂ ಅಲ್ಲಿ ಕಾಣುವುದು. ಇದು ವಿಚಾರಾರ್ಹವಾದ ಸೂಕ್ತವೇ. ಆದರೆ ಅಲ್ಲಿ ಅಂಗಚ್ಛೇದವಿಲ್ಲ, ಮಕ್ಕಳನ್ನು ನುಂಗುವುದಿಲ್ಲ, ಕಲ್ಲಿಲ್ಲ. ವರುಣನು ಋತವನ್ನು ಕಾಯುವವನು. ಪಾಪಿಯನ್ನು ಪಾಶದಿಂದ ಕಟ್ಟುವವನು. ಊರನೊಸನಿಗೆ ಧರ್ಮದ ಚಿಂತೆಯೇ ಇಲ್ಲ. ಹೆಂಡತಿಯನ್ನು ಕೂಡುವುದು, ಮಕ್ಕಳನ್ನು ಒತ್ತಿಡುವುದು, ಇವೆರಡೇ ಅವನ ಚರಿತ್ರೆ. ಆದುದರಿಂದ ಅವನ ಕಥೆಗೆ ಮೂಲವನ್ನು ಬೇರೆಯೆಡೆಯಲ್ಲಿ ಹುಡುಕಬೇಕಾಯಿತು. ಅದು ದೊರೆತ ಸ್ಥಳವು ವಿಚಿತ್ರವಾದುದು.

ಏಷ್ಯಾಮೈನರಿನ ನಡುವೆ, ಅಂಕಾರಾ ನಗರದ ಪೂರ್ವಕ್ಕೆ, ಬೊಘಾಜ್‌ಕೊಯ್ ಎಂಬ ಹಳ್ಳಿಯಿದೆ. ಹಿಟ್ಟೈಟ್ ಚಕ್ರವರ್ತಿಗಳ ರಾಜಧಾನಿಯಾದ ಹತ್ತುಶವು ಇಲ್ಲಿದ್ದಿತು. 1906ರಲ್ಲಿ ಹ್ಯೂಗೊ ವಿಂಕ್ಲರನು ಮೊದಲುಮಾಡಿದ ಉತ್ಖನನದಲ್ಲಿ ಬೆಣೆಯಾಕಾರದ ಲಿಪಿಯ ಸಾವಿರಾರು ಮಣ್ಣಿನ ಫಲಕಗಳು ದೊರೆತುವು. ಅವುಗಳಲ್ಲಿ ಕ್ರಿ. ಪೂ. 14ನೆಯ ಶತಮಾನದ ಒಂದು ಸಂಧಿಪತ್ರದಲ್ಲಿ, ಹಿಟ್ಟೈಟರ ಸುಪ್ಪಿಲುಲಿಉಮನಿಗೂ ಮಿತನ್ನಿ ರಾಜನಾದ ಶತ್ತಿವಾಜನಿಗೂ ಆದ ಒಪ್ಪಂದಕ್ಕೆ ಸಾಕ್ಷಿಗಳಾಗಿ ಮಿತ್ರ, ವರುಣ, ಇಂದ್ರ, ನಾಸತ್ಯರು ಕರೆಯಲ್ಪಟ್ಟಿರುವರು. ಈ ಸಂಗತಿಯು ಭಾರತೀಯ ವಿದ್ವಾಂಸರಿಗೆ ಚೆನ್ನಾಗಿ ತಿಳಿದುದು. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಊರನೊಸನ ಕಥೆಯ ಪೂರ್ವರೂಪವೂ ಅದೇ ಹಾಳೂರಿನ ಫಲಕಗಳಲ್ಲಿ ದೊರೆತಿರುವುದು; ಮತ್ತು ಅದರಲ್ಲಿ ವರುಣನ ಸುಳಿವೇ ಇಲ್ಲದಿರುವುದು.

1936ರಲ್ಲಿ ಎಮಿಲ್ ಫೊರರನು ಈ ಕಥೆಯತ್ತ ವಿದ್ವಾಂಸರ ದೃಷ್ಟಿಯನ್ನು ಸೆಳೆದನು. ಅಂಕಾರಾದಲ್ಲಿ ಅಧ್ಯಾಪಕನಾಗಿದ್ದ ಗ್ಯೂಟರ್‌ಬಾಕನು 1946ರಲ್ಲಿ ಜರ್ಮನ್ ಅನುವಾದ ವಿಮರ್ಶೆಗಳೊಡನೆ ಪ್ರಕಟಿಸಿದನು. ಭಾಷೆಯು ಹಿಟ್ಟೈಟ್, ಕಥೆಯು ಹುರ್ರಿಯನ್ನರೆಂಬ ನೆರೆಯ ಜನರದು. ಫಲಕದ ಕೊನೆಯಲ್ಲಿ ಲಿಪಿಕಾರನ ಮಾತಿದೆ: ಹಳೆಯ ಫಲಕವು ಸವೆದುಹೋಗಿದ್ದುದರಿಂದ ಜಿತಿಯ ಶಿಷ್ಯನಾದ ಅಶಪನು ಗುರುವಿನ ಮುಂದೆ ಇದನ್ನು ಮತ್ತೆ ಬರೆದನೆಂದು. ಓಲೆಯ ಪ್ರತಿಗಳ ಕೊನೆಯಲ್ಲಿ ಇಂತಹ ಮಾತುಗಳನ್ನು ಓದಿ ಬಲ್ಲವರಿಗೆ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ವಿದ್ಯಾರ್ಥಿಯು ಅಪರಿಚಿತನೆನಿಸನು. ದುರ್ದೈವದಿಂದ ಅವನ ಪ್ರತಿಯೂ ಒಡೆದಿದೆ.

ಕಥೆಯು ಹೀಗಿದೆ. ಹಿಂದೆ ಅಲಲು ಎಂಬವನು ಆಕಾಶದಲ್ಲಿ ರಾಜನಾಗಿದ್ದನು. ದೇವತೆಗಳಲ್ಲಿ ಅಗ್ರಗಣ್ಯನಾದ ಅನುವು ಅವನ ಕಾಲಿಗೆರಗಿ ಪಾನಪಾತ್ರೆಯನ್ನು ಕೈಗೆ ಕೊಡುತ್ತಿದ್ದನು. ಒಂಬತ್ತನೆಯ ವರ್ಷದಲ್ಲಿ ಅನುವು ಯುದ್ಧಮಾಡಲು ಅಲಲುವು ಸೋತು ಕಪ್ಪುನೆಲಕ್ಕೆ ಇಳಿದುಹೋದನು. ಅನುವು ಸಿಂಹಾಸನವನ್ನೇರಿದನು, ಈಗ ಕುಮರ್ಬಿಯು ಪಾನಪಾತ್ರೆಯನ್ನು ಹಿಡಿದನು. ಮತ್ತೆ ಒಂಬತ್ತನೆಯ ವರ್ಷದಲ್ಲಿ ಯುದ್ಧ. ಅನುವು ಕೈತಪ್ಪಿಸಿಕೊಂಡು ಆಕಾಶಕ್ಕೆ ಹಾರಿದಾಗ ಕುಮರ್ಬಿಯು ಅವನ ಕಾಲುಗಳನ್ನು ಹಿಡಿದೆಳೆದು ಪುರುಷಾಂಗವನ್ನು ಕಚ್ಚಿ ನುಂಗಿದನು. ತಾಮ್ರವೂ ತವರವೂ ಬೆರೆತು ಕಂಚಾಗುವಂತೆ ಅನುವಿನ ವೀರ್ಯವು ಕುಮರ್ಬಿಯ ಒಡಲಿನಲ್ಲಿ ಬೆರೆಯಿತೆಂದು ಕವಿಯು ಹೇಳುವನು. ಕುಮರ್ಬಿಯು ನಕ್ಕನು. ನಗಬೇಡ, ನಿನ್ನ ಹೊಟ್ಟೆಯಲ್ಲಿ ಭಾರವನ್ನಿಟ್ಟಿರುವೆನು, ಮೂವರು ಭೀಕರ ದೇವತೆಗಳು ನಿನ್ನಿಂದ ಹುಟ್ಟುವರು ಎಂದು ಅನುವು ಎಚ್ಚರಿಸಿದನು. ಅವರಲ್ಲಿ ಮುಖ್ಯನು ಬಿರುಗಾಳಿಮಳೆಗಳ ಒಡೆಯನಾದ ತೆಶುಬನು. ಕುಮರ್ಬಿಯು ಒಂದಂಶವನ್ನು ಉಗುಳಿದರೂ ತೆಶುಬನು ಒಳಗೇ ಉಳಿದನು. ಇಲ್ಲಿಂದ ಮುಂದೆ ಫಲಕವು ತುಂಡುತುಂಡು. ಆದರೂ ಕುಮರ್ಬಿಯು ತನ್ನ ಮಗುವನ್ನು ತಿನ್ನಲು ಕೇಳುವುದೂ, ಏನೋ ಗಟ್ಟಿಯಾದ ಕಲ್ಲನ್ನು ಕಚ್ಚಿ ಹಲ್ಲು ನೊಂದು ಗೋಳಿಡುವುದೂ, ಆ ಕಲ್ಲಿಗೆ ಮುಂದೆ ಜನರು ಬಲಿಗಳನ್ನು ಅರ್ಪಿಸಲೆಂದು ವಿಧಿಸುವುದೂ ಓದಿಗೆ ಸಿಕ್ಕುವುವು. ಕೊನೆಗೆ ತೆಶುಬನು ಹೊರಬಂದು ರಾಜ್ಯವನ್ನು ಪಡೆಯುವನು. ಮತ್ತೊಂದು ಗೀತದಲ್ಲಿ ಸೋತ ಕುಮರ್ಬಿಯು ಬಂಡೆಯನ್ನು ಕೂಡಿ ಉಲ್ಲಿಕುಮ್ಮಿ ಎಂಬ ಕಲ್ಲಿನ ಭೂತವನ್ನು ಪಡೆಯುವನು. ಅದು ಸಮುದ್ರದಲ್ಲಿ ನಿಂತು ಆಕಾಶದವರೆಗೆ ಬೆಳೆಯುವುದು. ಪೂರ್ವಕಾಲದಲ್ಲಿ ಭೂಮ್ಯಾಕಾಶಗಳನ್ನು ಕೊಯ್ದು ಬೇರೆಮಾಡಿದ ತಾಮ್ರದ ಆಯುಧವನ್ನು ಉಗ್ರಾಣದಿಂದ ತರಿಸಿ ಅದರ ಕಾಲನ್ನು ಕತ್ತರಿಸುವ ಉಪಾಯವನ್ನು ಏಯ ದೇವನು ಹೇಳುವನು.

ಅನು ಎಂಬುದು ಮೆಸೊಪೊಟೇಮಿಯದ ಭಾಷೆಗಳಲ್ಲಿ ಆಕಾಶವಾಚಕ. ಊರನೊಸ್ ಎಂಬುದೂ ಗ್ರೀಕಿನಲ್ಲಿ ಆಕಾಶವಾಚಕವೇ. ಕುಮರ್ಬಿಯು ಧಾನ್ಯಸಂಬಂಧಿಯಾದ ದೇವತೆ. ಕ್ರೊನೊಸನು ಕುಡುಗೋಲನ್ನು ಹಿಡಿದವನು, ಅಥೆನ್ಸಿನಲ್ಲಿ ಅವನ ಉತ್ಸವವು ಸುಗ್ಗಿಯ ಕಾಲದ್ದು. ತೆಶುಬ ಜ್ಯೂಸರಿಬ್ಬರೂ ಗುಡುಗು ಸಿಡಿಲುಗಳ ಒಡೆಯರು.

ಹೋಲಿಕೆಗಳನ್ನು ತೂಗಿನೋಡುವ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಕೂನ್ ಮುಲ್ಲರರ ತಪ್ಪು ಮತ್ತೊಂದು ವೇಷದಲ್ಲಿ ಮರಳಿ ಬರಬಾರದು. ಭೂಮ್ಯಾಕಾಶಗಳು ಮೊದಲು ಕೂಡಿದ್ದು ಅನಂತರ ಬೇರೆಯಾದುವೆಂಬ ಕಥೆಯು ಋಗ್ವೇದದಲ್ಲಿಯೂ ಉಂಟು, ನ್ಯೂಜಿಲೆಂಡಿನ ಮಾವೊರಿ ಜನರಲ್ಲಿಯೂ ಉಂಟು. ತಲೆಯೆತ್ತಿ ಆಕಾಶವನ್ನು ನೋಡುವ ಯಾವ ಜನಕ್ಕಾದರೂ ಅದು ಹೊಳೆಯಬಹುದಾದುದರಿಂದ ಅಂತಹ ಸಾಮ್ಯವು ಏನನ್ನೂ ಸಾಧಿಸದು. ಋಗ್ವೇದದ ನಾಲ್ಕನೆಯ ಮಂಡಲದ 18ನೆಯ ಸೂಕ್ತದಲ್ಲಿ ಇಂದ್ರನು ತಂದೆಯ ಕಾಲನ್ನು ಹಿಡಿದು ಅವನನ್ನು ನಾಶಪಡಿಸಿದನೆಂದಿದೆ. ಕುಮರ್ಬಿಯೂ ಅನುವಿನ ಕಾಲನ್ನು ಹಿಡಿದನು. ಈ ಒಂದು ಕಾಲಿನ ಬಲದಿಂದ ಎರಡು ಕಥೆಗಳನ್ನು ಕಟ್ಟಿದರೆ ಅದು ಕಾಕತಾಲೀಯವನ್ನು ವ್ಯಾಪ್ತಿಯೆಂದು ಭ್ರಮಿಸಿದಂತಾಗುವುದು. ಹೆಸಿಯೊಡ ಕುಮರ್ಬಿಗಳ ಸಾಮ್ಯವಾದರೋ ಒಂದು ಅಂಶದ್ದಲ್ಲ, ಅಂಶಗಳ ಸರಣಿಯದು: ಆಕಾಶವೆಂಬ ಹೆಸರಿನ ರಾಜ, ಅವನ ಅಂಗಚ್ಛೇದ, ಅದರಿಂದ ದೇವತೆಗಳ ಹುಟ್ಟು, ಛೇದಿಸಿದವನು ತನ್ನ ಸಂತಾನವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು, ಮಗುವಿಗೆ ಬದಲಾಗಿ ಕಲ್ಲು, ಆ ಕಲ್ಲಿಗೆ ಪೂಜೆ, ಸಿಡಿಲಿನ ದೇವನ ಜಯ, ಅನಂತರ ಒಬ್ಬ ಭೂತದೊಡನೆ ಕಡೆಯ ಯುದ್ಧ. ಇವುಗಳಲ್ಲಿ ಒಂದಕ್ಕೊಂದು ಸ್ವಭಾವಸಂಬಂಧವಿಲ್ಲ. ಮಗುವಿನ ಬದಲು ಕಲ್ಲೇ ಏತಕ್ಕೆ ಬರಬೇಕು? ಸಂಬಂಧವಿಲ್ಲದುವು ಅದೇ ಕ್ರಮದಲ್ಲಿ ಎರಡೆಡೆ ಬಂದಾಗ ಒಂದು ಮತ್ತೊಂದರಿಂದಾಗಲಿ, ಎರಡೂ ಮೂರನೆಯದರಿಂದಾಗಲಿ ಬಂದಿರಬೇಕೆಂಬುದು ಗ್ರಂಥಸಂಪಾದಕರು ಪ್ರತಿಗಳ ವಂಶವೃಕ್ಷವನ್ನು ಕಟ್ಟುವಾಗ ಅನುಸರಿಸುವ ನ್ಯಾಯವೇ. ಒಪ್ಪಾದ ಪಾಠವು ಸಂಬಂಧವನ್ನು ತೋರಿಸದು. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ತೋರಿಸುವುದು.

ಆ ಕಲ್ಲನ್ನು ಕುರಿತು ಇನ್ನೊಂದು ಮಾತು. ಕ್ರಿ. ಶ. 2ನೆಯ ಶತಮಾನದಲ್ಲಿ ಗ್ರೀಸನ್ನೆಲ್ಲ ಸುತ್ತಿದ ಪೌಸೇನಿಯಸನು ಡೆಲ್ಫಿಯಲ್ಲಿ ಅಷ್ಟೇನೂ ದೊಡ್ಡದಲ್ಲದ ಒಂದು ಕಲ್ಲನ್ನು ಕಂಡನು. ಅದರ ಮೇಲೆ ದಿನವೂ ಎಣ್ಣೆಯನ್ನೆರೆಯುತ್ತಿದ್ದರು. ಹಬ್ಬಗಳಲ್ಲಿ ನೂಲದ ಉಣ್ಣೆಯನ್ನು ಹೊದಿಸುತ್ತಿದ್ದರು. ಕ್ರೊನೊಸನು ನುಂಗಿ ಕಾರಿದ ಕಲ್ಲು ಅದೇ ಎಂದು ಜನರ ನಂಬಿಕೆ. ಅನಟೋಲಿಯದ ಒಡೆದ ಫಲಕದಲ್ಲಿ ವಿಧಿಸಿದ ಪೂಜೆಯಂತಹುದು ಸಾವಿರಕ್ಕೂ ಹೆಚ್ಚು ವರ್ಷಗಳ ಅನಂತರ ಗ್ರೀಸಿನ ಪುಣ್ಯಕ್ಷೇತ್ರದಲ್ಲಿ ನಡೆಯುತ್ತಿದ್ದಿತು.

ಹಿಟ್ಟೈಟರೂ ಈ ಕಥೆಯ ಮೂಲಪುರುಷರಲ್ಲ. ಅಲಲು, ಅನು, ಏಯ ಎಂಬ ಹೆಸರುಗಳೇ ಮೆಸೊಪೊಟೇಮಿಯವನ್ನು ತೋರಿಸುವುವು. 1876ರಲ್ಲಿ ಜಾರ್ಜ್ ಸ್ಮಿತ್ತನು ಮೊದಲು ಪ್ರಕಟಿಸಿದ ಬ್ಯಾಬಿಲೋನಿನ ಸೃಷ್ಟಿಕಾವ್ಯದಲ್ಲಿಯೂ ಅಪ್ಸು ಎಂಬ ಆದಿಪಿತನು ಗದ್ದಲವೆಬ್ಬಿಸುವ ಮಕ್ಕಳನ್ನು ಕೊಲ್ಲಬಯಸಿ ತಾನೇ ಹತನಾಗುವನು. ಇಲ್ಲಿ ಗಮನಿಸತಕ್ಕ ವಿಶೇಷವೊಂದಿದೆ. ಹಿಟ್ಟೈಟ್ ಭಾಷೆಯು ಸಂಸ್ಕೃತ ಗ್ರೀಕ್‌ಗಳ ಜ್ಞಾತಿಯೆಂದು 1915ರಲ್ಲಿ ಹ್ರೋಜ್ನಿಯು ಸಿದ್ಧಪಡಿಸಿದನು. ಹುರ್ರಿಯನ್ ಭಾಷೆಯಾಗಲಿ, ಬ್ಯಾಬಿಲೋನಿನ ಭಾಷೆಯಾಗಲಿ ಆ ವಂಶದ್ದಲ್ಲ. ಆದರೂ ಹಿಟ್ಟೈಟರು ಹಾಡಿದುದು ಹುರ್ರಿಯನ್ನರ ಕಥೆಯನ್ನು. 1983ರಲ್ಲಿ ಹತ್ತುಶದಲ್ಲಿಯೇ ದೊರೆತ ಮತ್ತೊಂದು ಕಾವ್ಯದ ಫಲಕಗಳಲ್ಲಿ ಒಂದು ಕಡೆ ಹುರ್ರಿಯನ್ ಮೂಲವೂ ಪಕ್ಕದಲ್ಲಿ ಹಿಟ್ಟೈಟ್ ಅನುವಾದವೂ ಇರುವುವು. ಶಬ್ದವು ತಾಯಿಯಿಂದ ಬರುವುದು, ಕಥೆಯು ನೆರೆಮನೆಯಿಂದಲೂ ಬರುವುದು. ಜ್ಯೂಸನಲ್ಲಿ ಇವೆರಡೂ ಕೂಡಿದುವು: ಹೆಸರು ದ್ಯೌಃ, ಚರಿತ್ರೆಯು ತೆಶುಬನದು.

ಫಿನೀಷಿಯದ ಬಿಬ್ಲೊಸ್ ಪಟ್ಟಣದ ಫೈಲೊ ಎಂಬವನಿಗೂ ಈ ಫಲಕಗಳಿಂದ ನ್ಯಾಯವು ದೊರೆಯಿತೆನ್ನಬೇಕು. ಕ್ರಿ. ಶ. 2ನೆಯ ಶತಮಾನದವರೆಗೆ ಬದುಕಿದ್ದ ಅವನು, ಸಂಖೂನಿಯಾಥೊನನೆಂಬ ಪ್ರಾಚೀನನ ಗ್ರಂಥವನ್ನು ತಾನು ಗ್ರೀಕಿಗೆ ತಂದೆನೆಂದು ಹೇಳಿಕೊಂಡು, ಎಲಿಯೂನ್, ಊರನೊಸ್, ಕ್ರೊನೊಸನೆಂದು ಕರೆಯಲ್ಪಟ್ಟ ಎಲ್, ಅನಂತರ ಸಿಡಿಲಿನ ದೇವನು ಎಂಬ ನಾಲ್ಕು ತಲೆಗಳ ಕಥೆಯನ್ನು ಬರೆದನು. ಅದರ ಭಾಗಗಳು ಯೂಸಿಬಿಯಸನಲ್ಲಿ ಉಳಿದಿವೆ. ಹೆಸಿಯೊಡನನ್ನು ನಕಲುಮಾಡಿ ಸ್ವಂತ ಊರಿನ ಕಥೆಯೆಂದು ಸಾರಿದ ವಂಚಕನೆಂದು ಅವನನ್ನು ಬಹುಮಂದಿ ಬಗೆದಿದ್ದರು. ಆದರೆ ಹೆಸಿಯೊಡನಲ್ಲಿ ಊರನೊಸನ ಹಿಂದೆ ರಾಜರಿಲ್ಲ. ಫೈಲೊವಿನಲ್ಲಿ ಒಬ್ಬನುಂಟು, ಹಿಟ್ಟೈಟ್ ಗೀತದಲ್ಲಿಯೂ ಅಲಲು ಎಂಬವನುಂಟು. ಹೆಸಿಯೊಡನಲ್ಲಿಲ್ಲದುದನ್ನು ಹೆಸಿಯೊಡನಿಂದ ಕದಿಯುವುದು ಸಾಧ್ಯವಲ್ಲ.

ಕಥೆಯು ಸಮುದ್ರವನ್ನು ದಾಟಿದುದೆಂತು? ಉಲ್ಲಿಕುಮ್ಮಿಯ ಗೀತದಲ್ಲಿ ದೇವತೆಗಳು ಹಜ್ಜಿ ಎಂಬ ಪರ್ವತವನ್ನೇರಿ ಸಮುದ್ರದಲ್ಲಿ ನಿಂತ ಭೂತವನ್ನು ನೋಡುವರು. ಈ ಪರ್ವತವು ಸಿರಿಯದ ಕಡಲತೀರದಲ್ಲಿ, ಒರೊಂಟಿಸ್ ನದಿಯ ಮುಖದ ದಕ್ಷಿಣಕ್ಕೆ, ಸುಮಾರು 1,700 ಮೀಟರುಗಳ ಎತ್ತರಕ್ಕೆ ಎದ್ದುನಿಂತಿದೆ. ಉಗಾರಿತ್ ನಗರದವರಿಗೆ ಅದು ಬಾಲ್ ದೇವನ ಮನೆ. ಗ್ರೀಕರು ಅದನ್ನು ಕಾಸಿಯೊಸ್ ಎಂದರು. ಅಪೊಲೊಡೋರಸನ ಹೆಸರಿನಲ್ಲಿರುವ ಪುರಾಣಸಂಗ್ರಹದಲ್ಲಿ ಜ್ಯೂಸನು ಟೈಫೊನನನ್ನು ಬೆನ್ನಟ್ಟಿ ಬರುವುದು ಗ್ರೀಸಿನ ಯಾವ ಬೆಟ್ಟಕ್ಕೂ ಅಲ್ಲ, ಈ ಕಾಸಿಯೊಸಿಗೇ. ಅದೇ ಒರೊಂಟಿಸ್ ನದಿಯ ಮುಖದಲ್ಲಿ, ಅಲ್ ಮೀನಾ ಎಂಬಲ್ಲಿ, 1936 ಮತ್ತು 1937ರಲ್ಲಿ ಲೆಯೊನಾರ್ಡ್ ವುಲ್ಲಿಯು ಅಗೆಯಿಸಿದಾಗ ಕ್ರಿ. ಪೂ. 8ನೆಯ ಶತಮಾನದ ಗ್ರೀಕ್ ಮಣ್ಣಿನ ಪಾತ್ರೆಗಳು ಹೇರಳವಾಗಿ ಸಿಕ್ಕಿದುವು. ಅವುಗಳಲ್ಲಿ ಬಹುಭಾಗವು ಯೂಬಿಯ ದ್ವೀಪದ್ದು. ಆ ದ್ವೀಪದ ಲೆಫ್ಕಂದಿಯ ಸಮಾಧಿಗಳಲ್ಲಿ ಅದಕ್ಕಿಂತಲೂ ಹಿಂದಿನ ಪೂರ್ವದೇಶದ ವಸ್ತುಗಳು ದೊರೆತಿವೆ. ಅಲ್ ಮೀನಾದಲ್ಲಿ ಹಡಗನ್ನು ಕಟ್ಟಿದ ಯೂಬಿಯದ ವರ್ತಕನಿಗೆ ದಕ್ಷಿಣಕ್ಕೆ ತಿರುಗಿದರೆ ಹಜ್ಜಿ ಪರ್ವತವು ಕಾಣುವುದು. ಅದರ ಕಥೆಯನ್ನು ಹೇಳಬಲ್ಲ ಜನರು ಸುತ್ತಲೂ ಇರುವರು. ಗ್ರೀಕರು ಫಿನೀಷಿಯನ್ನರಿಂದ ಅಕ್ಷರಗಳನ್ನು ಕಲಿತುದೂ ಈ ವ್ಯಾಪಾರದ ಕಾಲದಲ್ಲಿಯೇ.

ಹೆಸಿಯೊಡನು ತನ್ನ ಇನ್ನೊಂದು ಕಾವ್ಯದಲ್ಲಿ, ತಾನು ಹಡಗನ್ನೇರಿದುದು ಜೀವಮಾನದಲ್ಲಿ ಒಂದೇ ಸಲವೆಂದು ಹೇಳಿಕೊಂಡಿರುವನು. ಔಲಿಸಿನಿಂದ ಯೂಬಿಯಕ್ಕೆ, ಕಾಲ್ಕಿಸ್ ಪಟ್ಟಣದಲ್ಲಿ ಆಂಫಿಡಮಸನ ಉತ್ತರಕ್ರಿಯೆಯ ಸ್ಪರ್ಧೆಗಳಿಗೆ ಹೋಗಿ, ಹಾಡಿ ಗೆದ್ದು, ಹಿಡಿಗಳುಳ್ಳ ಮೂರು ಕಾಲಿನ ಪಾತ್ರೆಯನ್ನು ಬಹುಮಾನವಾಗಿ ತಂದು ಹೆಲಿಕಾನಿನ ಕಾವ್ಯದೇವಿಯರಿಗೆ ಒಪ್ಪಿಸಿದನಂತೆ. ಅಲ್ಲಿ ಅವನು ಹಾಡಿದುದು ಥಿಯೊಗೊನಿಯೇ ಎಂದು ಮಾರ್ಟಿನ್ ವೆಸ್ಟನೂ ಅವನಿಗೆ ಹಿಂದಿನ ಕೆಲವರೂ ಊಹಿಸಿರುವರು. ಅವನ ತಂದೆಯಾದರೋ ಬಡತನದಿಂದ ಏಷ್ಯಾಮೈನರಿನ ಕೂಮೆಯನ್ನು ಬಿಟ್ಟು ಹಡಗಿನಲ್ಲಿ ಬಂದವನು. ಪೂರ್ವದ ಕಥೆಯು ಈ ಹಳ್ಳಿಯ ಕವಿಗೆ ತಲುಪಲು ಎರಡು ದಾರಿಗಳು ಹೀಗೆ ಅವನ ಮಾತಿನಲ್ಲಿಯೇ ಕಾಣುವುವು.

ಇಲ್ಲಿ ಮತ್ತೊಂದು ಪಕ್ಷವಿದೆ. ಕಥೆಯು ಇನ್ನೂ ಐದಾರು ಶತಮಾನಗಳ ಹಿಂದೆಯೇ, ಹಿಟ್ಟೈಟರು ಬದುಕಿದ್ದಾಗಲೇ, ಗ್ರೀಸಿಗೆ ಬಂದಿರಬಹುದೆಂದು ಕೆಲವರು ಹೇಳುವರು. ಆಗಲೂ ಸಮುದ್ರವು ನಿರ್ಜನವಾಗಿರಲಿಲ್ಲ. ತುರ್ಕಿಯ ದಕ್ಷಿಣತೀರದ ಉಲುಬುರುನಿನಲ್ಲಿ ಕ್ರಿ. ಪೂ. 14ನೆಯ ಶತಮಾನದ ಕೊನೆಯಲ್ಲಿ ಮುಳುಗಿದ ಹಡಗೊಂದನ್ನು 1984ರಿಂದ 1994ರವರೆಗೆ ಪರಿಶೋಧಿಸಿದರು. ಸುಮಾರು 10 ಟನ್ ತಾಮ್ರ, 1 ಟನ್ ತವರ, ಹಲವು ದೇಶಗಳ ಸಾಮಾನುಗಳು ಅದರಲ್ಲಿದ್ದುವು. ಈ ಪಕ್ಷವನ್ನು ಪೂರ್ತಿಯಾಗಿ ತಳ್ಳಿಹಾಕುವುದು ಸಲ್ಲದು. ಆದರೆ ಹೆಸಿಯೊಡನ ಕಾಲದ ಸಂಪರ್ಕಕ್ಕೆ ಸ್ಥಳ, ಜನ, ಪಾತ್ರೆ, ಲಿಪಿ ನಾಲ್ಕೂ ಸಾಕ್ಷಿಯಾಗಿರುವುದರಿಂದಲೂ, ವಾಲ್ಟರ್ ಬುರ್ಕರ್ಟನು 1984ರ ತನ್ನ ಗ್ರಂಥದಲ್ಲಿ ತೋರಿಸಿದಂತೆ ಆ ಕಾಲದಲ್ಲಿ ಶಿಲ್ಪಿಗಳೂ ವೈದ್ಯರೂ ಮಾಂತ್ರಿಕರೂ ಪೂರ್ವದಿಂದ ಬರುತ್ತಿದ್ದುದರಿಂದಲೂ, ಎರಡನೆಯ ಪಕ್ಷಕ್ಕಿಂತ ಮೊದಲನೆಯದು ಬಲವಾದುದು. ಒಂದೇ ಕಥೆಯು ಎರಡು ಸಲ ಬಂದಿದ್ದರೂ ಬಂದಿರಬಹುದು.

ಹಾಗಾದರೆ ಹೆಸಿಯೊಡನಿಗೆ ಉಳಿದುದೇನು ಎಂದು ಸಾಹಿತ್ಯವನ್ನು ಬೋಧಿಸುವವರು ಕೇಳುವರು. ಉಳಿದುದು ಸ್ವಲ್ಪವಲ್ಲ. ಹಿಟ್ಟೈಟ್ ಗೀತದಲ್ಲಿ ರಾಜರು ತಂದೆಮಕ್ಕಳ ಒಂದೇ ಸಾಲಿನವರಲ್ಲ. ಕುಮರ್ಬಿಯು ಅಲಲುವಿನ ವಂಶದವನು, ಅನುವಿನ ಮಗನಲ್ಲ. ಎರಡು ಮನೆತನಗಳ ವೈರವನ್ನು ಹೆಸಿಯೊಡನ ಕಥೆಯು ತಂದೆಮಕ್ಕಳ ವೈರವನ್ನಾಗಿ ಮಾಡಿತು. ಗಂಡಸಿನ ಹೊಟ್ಟೆಯಲ್ಲಿ ಗರ್ಭವು ಬೆಳೆಯುವ ವಿಕಾರವು ಮರೆಯಾಗಿ ನೊಂದ ತಾಯಂದಿರಿಬ್ಬರು ಕಥೆಯ ನಡುವೆ ನಿಂತರು. ಕುಡುಗೋಲನ್ನು ಮಾಡಿದವಳು ಗೈಯ, ಕಲ್ಲನ್ನು ಕೊಟ್ಟವಳು ರೇಯ. ಅಷ್ಟೇ ಮುಖ್ಯವಾದುದು ಕೊನೆಯ ತಿರುವು. ತನಗೂ ಮಗನಿಂದ ಅಪಾಯವೆಂದು ತಿಳಿದ ಜ್ಯೂಸನು ಹುಟ್ಟಿದ ಮಗುವನ್ನು ನುಂಗಲಿಲ್ಲ. ಗರ್ಭಿಣಿಯಾದ ಮೀಟಿಸಳನ್ನೇ, ಎಂದರೆ ಮತಿಯನ್ನೇ, ನುಂಗಿದನು. ಅನಂತರ ಅಥೀನಳು ಅವನ ತಲೆಯಿಂದ ಹುಟ್ಟಿದಳು. ತಂದೆಯನ್ನು ಇಳಿಸಬೇಕಾಗಿದ್ದ ಮಗನು ಹುಟ್ಟಲೇ ಇಲ್ಲ.

ಗ್ರೀಕರಲ್ಲಿಯೇ ಈ ಕಥೆಯನ್ನು ಸಹಿಸದವರಿದ್ದರು. ಪ್ಲೇಟೊ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ, ಊರನೊಸ ಕ್ರೊನೊಸರ ಕೃತ್ಯಗಳು ನಿಜವೇ ಆಗಿದ್ದರೂ ಎಳೆಯರಿಗೆ ಹೇಳತಕ್ಕವಲ್ಲವೆಂದನು. ಬೇರೆ ಕೆಲವರು ವ್ಯಾಖ್ಯಾನದ ಮಾರ್ಗವನ್ನು ಹಿಡಿದರು. 1962ರಲ್ಲಿ ಥೆಸಲೊನೀಕಿಯ ಬಳಿ ಡೆರ್ವೆನಿ ಎಂಬಲ್ಲಿ, ಕ್ರಿ. ಪೂ. 4ನೆಯ ಶತಮಾನದ ಚಿತೆಯ ಬೂದಿಯಲ್ಲಿ, ಕರಿಕಾದ ಪಪೈರಸ್ ಸುರುಳಿಯೊಂದು ಸಿಕ್ಕಿತು. ಅದು ಆರ್ಫಿಯುಸನ ಹೆಸರಿನ ಒಂದು ದೇವೋತ್ಪತ್ತಿಕಾವ್ಯಕ್ಕೆ ಬರೆದ ಟೀಕೆ. ಟೀಕಾಕಾರನು ಪ್ರತಿಯೊಂದು ದೇವತೆಗೂ ತತ್ತ್ವಾರ್ಥವನ್ನು ಹೇಳುತ್ತ ಹೋಗುವನು. ಆದರೆ ಟೀಕೆಗಾಗಿ ಅವನು ಎತ್ತಿಕೊಂಡ ಮೂಲದ ಮಾತುಗಳಲ್ಲಿ, ಬುರ್ಕರ್ಟನೇ ಮೊದಲಾದವರು ಓದುವ ಪ್ರಕಾರ, ಜ್ಯೂಸನು ಮೊದಲು ರಾಜನಾಗಿದ್ದ ಆಕಾಶದೇವನ ಅಂಗವನ್ನು ನುಂಗುವನು. ಆ ಪದಕ್ಕೆ ‘ಪೂಜ್ಯನಾದವನು’ ಎಂಬ ಬೇರೆ ಅರ್ಥವನ್ನು ಮಾಡುವವರೂ ಇರುವರು, ವಿವಾದವು ಮುಗಿದಿಲ್ಲ. ಮೊದಲಿನವರ ಓದು ಸರಿಯಾದರೆ, ಹೆಸಿಯೊಡನು ಬಿಟ್ಟುಬಿಟ್ಟ ಕುಮರ್ಬಿಯ ತುತ್ತು ಗ್ರೀಸಿನ ಮತ್ತೊಂದು ಕಾವ್ಯದಲ್ಲಿ ಉಳಿದುಕೊಂಡಿದ್ದಿತು.